ಜ್ವರವೇ ಇರಲಿಲ್ಲ, ಆದರೂ ಸೋಂಕು ಅಂದರು!

ಕಳೆದ ಸಂಚಿಕೆಯಲ್ಲಿ ಹಸುಗೂಸುಗಳ ಗಂಭೀರ ಸೋಂಕಿನ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಕೊಟ್ಟಿದ್ದೇನೆ. ಹೆಸರು, ಊರು ತೆಗೆದಿದ್ದೇನೆ, ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇನೆ. ಶುರು ಮಾಡುವ ಮುಂಚೆ ಒಂದು ಮಾತು: ಈಗ, ಈ ಹೊತ್ತಿನಲ್ಲಿ, ನಿಮ್ಮ ಮನೆಯ ಕೂಸು ಹಾಲು ಬಿಟ್ಟು ಮಂಕಾಗಿ ಮಲಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಪತ್ರಿಕೆ ಎಲ್ಲಿಗೂ ಹೋಗುವುದಿಲ್ಲ.

ಪ್ರಶ್ನೆ: ಡಾಕ್ಟರ್, ನನ್ನ ಮಗುವಿಗೆ ಆಗ 9 ದಿನ. ಹಿಂದಿನ ದಿನದವರೆಗೂ ಚೆನ್ನಾಗಿ ಹಾಲು ಕುಡಿಯುತ್ತಿತ್ತು. ಆ ದಿನ ಬೆಳಗ್ಗೆಯಿಂದ ಎದೆಗೆ ಹಾಕಿಕೊಂಡರೂ ಎರಡು ಸಲ ಚೀಪಿ ಬಿಟ್ಟುಬಿಡುತ್ತಿತ್ತು. ಮೈ ಬಿಸಿ ಇರಲಿಲ್ಲ, ಕೈಕಾಲು ತಣ್ಣಗಿತ್ತು ಅಷ್ಟೆ. ಸಂಜೆ ಆಸ್ಪತ್ರೆಗೆ ಹೋದರೆ ರಕ್ತದಲ್ಲಿ ನಂಜು ಅಂದುಬಿಟ್ಟರು. ಜ್ವರವೇ ಇಲ್ಲದೆ ಸೋಂಕು ಹೇಗೆ ಸಾಧ್ಯ? ಈಗ ಮಗು ಮನೆಗೆ ಬಂದಿದೆ, ಆದರೂ ಈ ಪ್ರಶ್ನೆ ಬಿಡುತ್ತಿಲ್ಲ.

ಉತ್ತರ: ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿರುವುದು ಇದನ್ನೇ. ಮೊದಲಿಗೆ, ನೀವು ಮರುದಿನದವರೆಗೆ ಕಾಯದೆ ಅದೇ ಸಂಜೆ ಹೋದಿರಲ್ಲ, ತುಂಬಾ ಒಳ್ಳೆಯದಾಯಿತು.

ದೊಡ್ಡವರಿಗೆ ಸೋಂಕಾದರೆ ಮೈ ಕಾದು ಸುದ್ದಿ ಹೇಳುತ್ತದೆ. ಹಸುಗೂಸಿನ ಮೈಗೆ ಆ ತಾಕತ್ತು ಇನ್ನೂ ಪೂರ್ತಿ ಬಂದಿರುವುದಿಲ್ಲ. ಕೆಲವು ಕೂಸುಗಳಿಗೆ ಜ್ವರ ಬರುತ್ತದೆ, ಕೆಲವಕ್ಕೆ ಬರುವುದೇ ಇಲ್ಲ, ಕೆಲವಂತೂ ತಣ್ಣಗಾಗುತ್ತವೆ. ದಿನ ತುಂಬದೆ ಹುಟ್ಟಿದ ಮಕ್ಕಳು ತಣ್ಣಗಾಗುವುದನ್ನು ನಾವು ಆಗಾಗ ನೋಡುತ್ತೇವೆ. ಅವುಗಳ ಎಲುಬಿನ ಮಜ್ಜೆಯಲ್ಲಿ ಬಿಳಿ ರಕ್ತಕಣಗಳ ದಾಸ್ತಾನು ಸಣ್ಣದು. ಸೋಂಕು ಜೋರಾದರೆ ಆ ದಾಸ್ತಾನು ಬೇಗ ಬರಿದಾಗುತ್ತದೆ, ಅದಕ್ಕೇ ಎಳೆಮಗುವಿನ ರಿಪೋರ್ಟಿನಲ್ಲಿ ಬಿಳಿ ಕಣ ಜಾಸ್ತಿ ಇರುವುದಕ್ಕಿಂತ ತೀರಾ ಕಡಿಮೆ ಇರುವುದನ್ನು ಕಂಡರೆ ನಮಗೆ ಹೆಚ್ಚು ಗಾಬರಿ.

ಹಾಗಾದರೆ ಏನನ್ನು ನೋಡಬೇಕು? ನೀವು ನೋಡಿದ್ದನ್ನೇ. ನಿನ್ನೆಯವರೆಗೆ ಚೆನ್ನಾಗಿ ಕುಡಿಯುತ್ತಿದ್ದ ಮಗು ಇವತ್ತು ಬಿಟ್ಟಿದೆ. ಹಾಲು ಕುಡಿಯುವುದು ಕೂಸಿಗೆ ದೊಡ್ಡ ಕೆಲಸ. ಎಚ್ಚರ ಬೇಕು, ಶಕ್ತಿ ಬೇಕು, ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಂಡು ನಡೆಯಬೇಕು. ಒಳಗೆ ಏನೇ ಕೆಟ್ಟರೂ ಮೊದಲು ಏರುಪೇರಾಗುವುದು ಇದೇ. ಗಂಟಲು ಹರಿಯುವಂತೆ ಅಳುವ ಮಗುವನ್ನು ಎತ್ತಿಕೊಂಡು ಜನ ರಾತ್ರಿ ಹನ್ನೆರಡಕ್ಕೆ ಓಡಿ ಬರುತ್ತಾರೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅಳದೆ, ಕುಡಿಯದೆ, ಮೆತ್ತಗೆ ಮಲಗಿರುವ ಮಗುವನ್ನು "ಪಾಪ, ಸುಸ್ತಾಗಿದೆ, ನಿದ್ದೆ ಮಾಡಲಿ" ಅಂತ ಬೆಳಗಿನವರೆಗೆ ಬಿಡುತ್ತಾರಲ್ಲ, ನನಗೆ ಭಯ ಇರುವುದು ಆ ಮಗುವಿನ ಬಗ್ಗೆ.

ಇನ್ನು ಶಾಖದ ವಿಷಯ. ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟಾಗ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್, ಅಂದರೆ 97.7ರಿಂದ 99.5 ಫ್ಯಾರನ್‌ಹೀಟ್ ಇದ್ದರೆ ಸರಿ. 37.5 ದಾಟಿದ್ದು ಮಗು ಲವಲವಿಕೆಯಿಂದ ಇದ್ದರೆ ಹೆಚ್ಚಿನ ಹೊದಿಕೆ ತೆಗೆದು, ಕಾಲು ಗಂಟೆ ಬಿಟ್ಟು ಇನ್ನೊಂದು ಸಲ ನೋಡಿ. ಆಗಲೂ ದಾಟಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. 38, ಅಂದರೆ 100.4, ಒಂದೇ ಒಂದು ಸಲ ಕಂಡು ಆಮೇಲೆ ಇಳಿದರೂ ಆಗಲೇ ಹೊರಡಿ. 35.5ಕ್ಕಿಂತ ಕೆಳಗಿಳಿದರೂ ಅಷ್ಟೇ ತುರ್ತು. 36.5ಕ್ಕಿಂತ ಕಡಿಮೆ ಇದ್ದರೆ ಬರಿಮೈಯಲ್ಲಿ ಎದೆಗಪ್ಪಿ ಬೆಚ್ಚಗೆ ಮಾಡಿ, ಆಗಲೂ ಏರದಿದ್ದರೆ ತೋರಿಸಿ. ಮಗು ಮಂಕಾಗಿದ್ದರೆ ಮಾತ್ರ ಈ ಎರಡನೇ ಸಲದ ಲೆಕ್ಕವೆಲ್ಲ ಬಿಟ್ಟು ಕೂಡಲೇ ಹೊರಡಿ. ನೀವೇ ಜ್ವರದ ಔಷಧಿ ಹಾಕಲೂ ಬೇಡಿ. ಜ್ವರ ಇಳಿಯುತ್ತದೆ, ಸೋಂಕು ಅಲ್ಲೇ ಇರುತ್ತದೆ. ಕೈಪಾದ ಮಾತ್ರ ತಣ್ಣಗಿದ್ದು ಹೊಟ್ಟೆ, ಎದೆ ಬೆಚ್ಚಗಿದ್ದರೆ ಅದು ಸಾಮಾನ್ಯ. ಹೊಟ್ಟೆಯೂ ತಣ್ಣಗಿದ್ದರೆ ಅದನ್ನು ಸಾಮಾನ್ಯ ಅಂದುಕೊಳ್ಳಬೇಡಿ.

ಪ್ರಶ್ನೆ: ಸರ್, ಹೊಸದಾಗಿ ಅಪ್ಪ ಆಗಿದ್ದೇನೆ. ಮಗಳಿಗೆ 5 ದಿನ. ನಿಮ್ಮ ಬರಹ ಓದಿದ ಮೇಲೆ ನಿದ್ದೆಯೇ ಬರುತ್ತಿಲ್ಲ. ಉಸಿರಾಡುತ್ತಾ ಉಸಿರಾಡುತ್ತಾ ಒಂದು ಕ್ಷಣ ನಿಲ್ಲಿಸುತ್ತಾಳೆ. ಮೈಮೇಲೆ ಕೆಂಪು ಗುಳ್ಳೆ ಎದ್ದಿದೆ. ಸೀನುತ್ತಾಳೆ, ಬಿಕ್ಕಳಿಸುತ್ತಾಳೆ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಉತ್ತರ: ಹೆದರಿಸಿದ್ದಕ್ಕೆ ಕ್ಷಮಿಸಿ ಅನ್ನುವುದಿಲ್ಲ, ಸ್ವಲ್ಪ ಹೆದರಿಕೆ ಇರಲಿ. ಆದರೆ ಸರಿಯಾದ ಜಾಗಕ್ಕೆ ಹೆದರಿ ಅಷ್ಟೆ.

ಸೀನು, ಬಿಕ್ಕಳಿಕೆ ಮಾಮೂಲು. ಕೆಂಪು ಮಚ್ಚೆಯ ನಡುವೆ ಸಣ್ಣ ಹಳದಿ-ಬಿಳಿ ಚುಕ್ಕೆ ಇದ್ದು, ಇವತ್ತು ಇಲ್ಲಿ ನಾಳೆ ಅಲ್ಲಿ ಅಂತ ಜಾಗ ಬದಲಾಯಿಸುತ್ತಿದ್ದರೆ ಅದೂ ಮಾಮೂಲು, ಮೊದಲ ವಾರದಲ್ಲಿ ಎಷ್ಟೋ ಮಕ್ಕಳಿಗೆ ಬಂದು ತಾನಾಗಿಯೇ ಹೋಗುತ್ತದೆ. ಕೀವು ತುಂಬಿದ ಗುಳ್ಳೆ ಅಥವಾ ನೀರು ತುಂಬಿದ ಬೊಬ್ಬೆ ಬೇರೆ ವಿಷಯ, ತೋರಿಸಲೇಬೇಕು. ಉಸಿರಿನ ಲಯ ಎಳೆಮಕ್ಕಳಲ್ಲಿ ನಮ್ಮ ಹಾಗೆ ಒಂದೇ ಸಮನೆ ಇರುವುದಿಲ್ಲ. ನಾಲ್ಕಾರು ಸಲ ಬೇಗ ಬೇಗ ಉಸಿರಾಡಿ, ಐದಾರು ಸೆಕೆಂಡು ನಿಲ್ಲಿಸಿ, ಮತ್ತೆ ಶುರು ಮಾಡುತ್ತವೆ. ಬಣ್ಣ ಚೆನ್ನಾಗಿದ್ದರೆ ಚಿಂತೆ ಬೇಡ. ನಿಲುಗಡೆ ಉದ್ದವಾಗಿ, 20 ಸೆಕೆಂಡಿನಷ್ಟಾದರೆ, ಅಥವಾ ತುಟಿ, ನಾಲಿಗೆ ನೀಲಿಯಾದರೆ ಅದು ತುರ್ತು.

ಉಸಿರು ಎಣಿಸುವುದನ್ನು ಮಾತ್ರ ಇವತ್ತೇ ಕಲಿತುಬಿಡಿ. ಮಗಳು ಹಾಲು ಕುಡಿದು ಶಾಂತವಾಗಿ ಮಲಗಿದಾಗ ಅಂಗಿ ಎದೆಯವರೆಗೆ ಸರಿಸಿ. ಮೂಗಿನ ಹತ್ತಿರ ಕೈ ಹಿಡಿಯುವುದೆಲ್ಲ ಬೇಡ. ಹೊಟ್ಟೆ ನೋಡಿ, ಎಳೆಮಕ್ಕಳ ಉಸಿರು ಕಾಣುವುದು ಹೊಟ್ಟೆಯಲ್ಲಿ. ಮೇಲೆದ್ದು ಕೆಳಗಿಳಿದರೆ ಒಂದು. ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಆ ನಡುವಿನ ನಿಲುಗಡೆ ಇದೆಯಲ್ಲ, ಅದಕ್ಕೆ. 60 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇನ್ನೊಂದು ಸಲ ಎಣಿಸಿ. ಆಗಲೂ ಅಷ್ಟೇ ಬಂದರೆ ಹೊರಡಿ. ಎಣಿಸುವಾಗಲೇ ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆದುಕೊಳ್ಳುತ್ತಿದೆಯಾ ನೋಡಿ, ಪ್ರತಿ ಉಸಿರಿಗೂ ನರಳುವ ಸದ್ದು ಬರುತ್ತಿದೆಯಾ ಕೇಳಿ. ಇವೆರಡರಲ್ಲಿ ಒಂದಿದ್ದರೂ ಎಣಿಕೆ ಮುಗಿಯುವವರೆಗೆ ಕಾಯಬೇಡಿ.

ನಿದ್ದೆಯೋ ಮಂಕೋ ಗೊತ್ತಾಗದಿದ್ದರೆ ಬಟ್ಟೆ ಬಿಚ್ಚಿ, ಅಂಗಾಲನ್ನು ಬೆರಳಿನಿಂದ ತಟ್ಟಿ. ನಿದ್ದೆಯಲ್ಲಿರುವ ಮಗು ಮುಖ ಕಿವುಚಿ, ಕಾಲು ಎಳೆದುಕೊಂಡು, ಗಟ್ಟಿಯಾಗಿ ಪ್ರತಿಭಟಿಸುತ್ತದೆ. ಮಂಕಾದ ಮಗು ಒಂದು ಸಲ ಕಾಲು ಆಡಿಸಿ ಮತ್ತೆ ಜಾರಿಹೋಗುತ್ತದೆ, ಕೈ ಎತ್ತಿ ಬಿಟ್ಟರೆ ಸುಮ್ನೆ ಬೀಳುತ್ತದೆ. ತಟ್ಟಿದರೆ ಮಾತ್ರ ಅಲುಗಾಡುತ್ತದೆ, ಇಲ್ಲದಿದ್ದರೆ ಇಲ್ಲ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಪಾಯದ ಪಟ್ಟಿಯಲ್ಲೇ ಇದೆ. ಅದೇ ಪಟ್ಟಿಯಲ್ಲಿ ಫಿಟ್ಸ್ ಕೂಡ ಇದೆ. ಕೂಸಿನ ಫಿಟ್ಸ್ ಅಂದರೆ ಮೈಯೆಲ್ಲ ನಡುಗಬೇಕು ಅಂತಿಲ್ಲ. ಕಣ್ಣು ಒಂದೇ ಕಡೆ ನೆಟ್ಟು ನಿಲ್ಲುವುದು, ಸುಮ್ನೆ ಬಾಯಿ ಚಪ್ಪರಿಸುತ್ತಲೇ ಇರುವುದು, ಒಂದು ಕೈ ಮಾತ್ರ ಲಯಬದ್ಧವಾಗಿ ಎಳೆಯುವುದು, ಹೀಗೂ ಇರುತ್ತದೆ. ಎಳೆಯುವ ಕೈಯನ್ನು ಮೆಲ್ಲಗೆ ಹಿಡಿದರೆ ನಿಲ್ಲದಿದ್ದರೆ ಅದು ಬರೀ ನಡುಕ ಅಲ್ಲ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮಗು ಹುಟ್ಟಿದ ದಿನವೇ ಸಿಆರ್‌ಪಿ (ಸೋಂಕಾದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನು) ಸ್ವಲ್ಪ ಜಾಸ್ತಿ ಇದೆ ಅಂತ ಎನ್‌ಐಸಿಯುಗೆ (ಹಸುಗೂಸುಗಳ ತೀವ್ರ ನಿಗಾ ಘಟಕ) ಹಾಕಿ, ಆ್ಯಂಟಿಬಯೋಟಿಕ್ ಶುರು ಮಾಡಿದರು. ಎರಡು ದಿನ ಆದ ಮೇಲೆ ಕಲ್ಚರ್ ನೆಗೆಟಿವ್ ಬಂತು, ಮನೆಗೆ ಕಳಿಸಿದರು. ಅಂದರೆ ಸೋಂಕು ಇರಲೇ ಇಲ್ಲ. ಸುಮ್ನೆ ಚುಚ್ಚಿದರು ಅಲ್ವಾ?

ಉತ್ತರ: ಬೇಜಾರೇನಿಲ್ಲ, ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ.

ಮೊದಲು ಉಳಿದರ್ಧ ಹೇಳುತ್ತೇನೆ. ಎಳೆಮಗುವಿನ ನಂಜು ಕೆಲವೇ ಗಂಟೆಗಳಲ್ಲಿ ಕೈ ಮೀರಬಹುದು. ಬೆಳಗ್ಗೆ ಹಾಲು ಬಿಟ್ಟ ಮಗು ರಾತ್ರಿ ವೆಂಟಿಲೇಟರ್ ಮೇಲಿರಬಹುದು. ರಕ್ತದ ಕಲ್ಚರ್ ಅಂದರೆ ಮಗುವಿನ ರಕ್ತವನ್ನು, ಸುಮಾರು 1 ಮಿಲಿಲೀಟರ್, ಪೋಷಕಾಂಶದ ದ್ರವ ಇರುವ ಬಾಟಲಿಗೆ ಹಾಕಿ ಬೆಚ್ಚಗಿನ ಯಂತ್ರದಲ್ಲಿಡುವುದು. ರಕ್ತದಲ್ಲಿ ಬ್ಯಾಕ್ಟೀರಿಯಾ ಇದ್ದರೆ ಅವು ಬೆಳೆಯುತ್ತವೆ, ಯಂತ್ರ ಸೂಚನೆ ಕೊಡುತ್ತದೆ. ಬೆಳೆಯುವಂಥವು ಬಹುತೇಕ 36 ಗಂಟೆಯೊಳಗೆ ಬೆಳೆದುಬಿಡುತ್ತವೆ. ಅಷ್ಟು ಹೊತ್ತು ಔಷಧಿ ಕೊಡದೆ ಕಾದು ಕೂರುವುದು ಅನುಮಾನ ಬಲವಾಗಿದ್ದಾಗ ಆಗದ ಮಾತು. ಹಾಗಾಗಿ ರಕ್ತ ತೆಗೆದು ಕಲ್ಚರಿಗೆ ಕಳಿಸಿ, ಔಷಧಿ ಶುರು ಮಾಡಿ, ಆಮೇಲೆ ಫಲಿತಾಂಶ ನೋಡುತ್ತೇವೆ. ಸಾಮಾನ್ಯವಾಗಿ ಆಂಪಿಸಿಲಿನ್ ಜೊತೆ ಜೆಂಟಾಮೈಸಿನ್. ಏನೂ ಬೆಳೆಯದೆ, ಮಗುವೂ ಚೆನ್ನಾಗಿದ್ದರೆ 36ರಿಂದ 48 ಗಂಟೆಗೆ ನಿಲ್ಲಿಸಬೇಕು. ನಿಮ್ಮ ವೈದ್ಯರು ಎರಡು ದಿನಕ್ಕೆ ನಿಲ್ಲಿಸಿದರು. ನನ್ನ ಪ್ರಕಾರ ಅವರು ಮೆಚ್ಚುವಂಥ ಕೆಲಸ ಮಾಡಿದ್ದಾರೆ, ಯಾಕೆಂದರೆ ಶುರು ಮಾಡುವುದು ಸುಲಭ, ನಿಲ್ಲಿಸುವುದಕ್ಕೆ ಧೈರ್ಯ ಬೇಕು. "ಯಾವುದಕ್ಕೂ ಇರಲಿ" ಅಂತ ಏಳು ದಿನ ಎಳೆಯುವವರು ಎಷ್ಟೋ ಜನ. ದಿನ ತುಂಬದ ಮಕ್ಕಳಲ್ಲಿ ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೂ ಐದು ದಿನಕ್ಕಿಂತ ಜಾಸ್ತಿ ಆ್ಯಂಟಿಬಯೋಟಿಕ್ ಎಳೆದಾಗ ಕರುಳು ಕೊಳೆಯುವ ಕಾಯಿಲೆ ಮತ್ತು ಸಾವು ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡಿದೆ.

ಈಗ ನಿಮ್ಮ ಅರ್ಧ ನ್ಯಾಯ. ಹುಟ್ಟಿದ ದಿನದ ಸಿಆರ್‌ಪಿ ಒಂದನ್ನೇ ನೋಡಿ, ಬೇರೆ ಯಾವ ಕಾರಣವೂ ಇಲ್ಲದೆ ಶುರು ಮಾಡಿದ್ದರೆ ಅದು ನನಗೂ ಒಪ್ಪಿಗೆ ಇಲ್ಲ. ಸಿಆರ್‌ಪಿ ಏರಲು ಸೋಂಕಾದ ಮೇಲೆ 6ರಿಂದ 12 ಗಂಟೆ ಬೇಕು. ಹೆರಿಗೆ ಕಷ್ಟವಾಗಿದ್ದರೂ ಏರುತ್ತದೆ, ಮಗು ಹೊಟ್ಟೆಯಲ್ಲೇ ಮಲ ವಿಸರ್ಜಿಸಿ ಅದು ಶ್ವಾಸಕೋಶಕ್ಕೆ ಹೋಗಿದ್ದರೂ ಏರುತ್ತದೆ. ಅದು ಉಪಯೋಗಕ್ಕೆ ಬರುವುದು ಉಲ್ಟಾ ಕೆಲಸಕ್ಕೆ: 24 ಗಂಟೆ ಅಂತರದಲ್ಲಿ ಎರಡು ಸಲ ಮಾಡಿ, ಎರಡೂ ಕಡಿಮೆ ಇದ್ದರೆ ಸೋಂಕು ಇರುವ ಸಾಧ್ಯತೆ ಬಹಳ ಕಡಿಮೆ ಅಂತ ಔಷಧಿ ನಿಲ್ಲಿಸಲು ಧೈರ್ಯ ಕೊಡುತ್ತದೆ. ಆದರೆ ಒಂದು ವಿಚಾರಿಸಿ. ತಾಯಿಗೆ ಹೆರಿಗೆ ಹೊತ್ತಿನಲ್ಲಿ ಜ್ವರ ಇತ್ತಾ, ನೀರು ಒಡೆದು 18 ಗಂಟೆ ದಾಟಿತ್ತಾ, ಮಗು ಹುಟ್ಟಿದಾಗ ನರಳುತ್ತಿತ್ತಾ? ಡಿಸ್ಚಾರ್ಜ್ ಚೀಟಿಯಲ್ಲಿ ಇರುತ್ತದೆ. ಇದ್ದರೆ ಸುಮ್ನೆ ಚುಚ್ಚಿದರು ಅನ್ನುವ ಮಾತು ಬಿಟ್ಟುಬಿಡಿ.

ಪ್ರಶ್ನೆ: ಡಾಕ್ಟರ್, ನಾನು ಈಗ ಎಂಟು ತಿಂಗಳ ಗರ್ಭಿಣಿ. ಮೊದಲ ಹೆರಿಗೆಯಲ್ಲಿ ನೀರು ಒಡೆದು ಒಂದು ದಿನ ಆದ ಮೇಲೆ ಮಗು ಹುಟ್ಟಿ, ಅದಕ್ಕೆ ಸೋಂಕಾಗಿತ್ತು. ಈ ಸಲ ಹಾಗಾಗದಂತೆ ಮುಂಚೆಯೇ ಏನಾದರೂ ಮಾಡಬಹುದಾ? ಹೆರಿಗೆ ನೋವು ಬಂದಾಗ ಒಂದು ಮಾತ್ರೆ ನುಂಗಿದರೆ ಸಾಕು ಅಂತ ಯಾರೋ ಹೇಳಿದರು.

ಉತ್ತರ: ಮೊದಲ ಮಗುವಿಗೆ ಸೋಂಕಾಗಿತ್ತು ಅನ್ನುವುದನ್ನು ಹೆರಿಗೆ ಮಾಡಿಸುವ ವೈದ್ಯರಿಗೆ ಈಗಲೇ ಹೇಳಿ, ಹಳೆಯ ಕಾಗದ ತೋರಿಸಿ. ಯಾವ ಬ್ಯಾಕ್ಟೀರಿಯಾ ಅಂತ ಅದರಲ್ಲಿದ್ದರೆ ಇನ್ನೂ ಒಳ್ಳೆಯದು. ಅದು ಗುಂಪು-ಬಿ ಸ್ಟ್ರೆಪ್ಟೊಕಾಕಸ್ ಆಗಿದ್ದರೆ ಈ ಸಲ ಪರೀಕ್ಷೆಗೂ ಕಾಯದೆ, ಹೆರಿಗೆ ನೋವು ಶುರುವಾದ ಕೂಡಲೇ ರಕ್ತನಾಳದ ಮೂಲಕ ಪೆನಿಸಿಲಿನ್ ಅಥವಾ ಆಂಪಿಸಿಲಿನ್ ಕೊಡುತ್ತಾರೆ. ಜಗತ್ತಿನಲ್ಲಿ ಸುಮಾರು ಐದರಲ್ಲಿ ಒಬ್ಬ ಗರ್ಭಿಣಿಯ ದೇಹದಲ್ಲಿ ಈ ಬ್ಯಾಕ್ಟೀರಿಯಾ ಯಾವ ತೊಂದರೆಯೂ ಕೊಡದೆ ಇರುತ್ತದೆ. ಮಗು ಹೊರಬರುವಾಗ ಅದಕ್ಕೆ ತಗುಲಬಹುದು, ತಗುಲಿದ ಎಲ್ಲ ಮಕ್ಕಳಿಗೂ ಕಾಯಿಲೆ ಬರುವುದಿಲ್ಲ. ಔಷಧಿ ಹೆರಿಗೆಗೆ ಕನಿಷ್ಠ 4 ಗಂಟೆ ಮುಂಚೆ ಒಳಗೆ ಹೋದರೆ ಪೂರ್ತಿ ಪ್ರಯೋಜನ. ಅಮೆರಿಕದಲ್ಲಿ 36-37ನೇ ವಾರದಲ್ಲಿ ಎಲ್ಲ ಗರ್ಭಿಣಿಯರಿಗೂ ಇದರ ಸ್ವ್ಯಾಬ್ ಪರೀಕ್ಷೆ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಎಲ್ಲರಿಗೂ ಮಾಡುವುದಿಲ್ಲ, ಅಪಾಯದ ಅಂಶ ಇದ್ದವರಿಗೆ ಔಷಧಿ ಕೊಡುತ್ತಾರೆ. ನಿಮ್ಮ ವೈದ್ಯರು ಯಾವ ದಾರಿ ಹಿಡಿಯುತ್ತಾರೆ ಕೇಳಿ.

ಆ ಮಾತ್ರೆ ಅಜಿಥ್ರೋಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ಇರಬೇಕು. ಏಳು ದೇಶಗಳಲ್ಲಿ 29 ಸಾವಿರಕ್ಕೂ ಹೆಚ್ಚು ಹೆರಿಗೆಗಳಲ್ಲಿ ಅದನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ತಾಯಂದಿರ ನಂಜು ಅಥವಾ ಸಾವು 2.4%ರಿಂದ 1.6%ಗೆ ಇಳಿಯಿತು. ಮಕ್ಕಳಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮಗುವಿನ ಸೋಂಕು ತಪ್ಪಿಸಲು ಅಂತ ಆ ಮಾತ್ರೆ ನಂಬಿ ಕೂರಬೇಡಿ, ವೈದ್ಯರು ಹೇಳದೆ ನುಂಗಲೂ ಬೇಡಿ.

ನೀರು ಒಡೆದರೆ, ನೋವು ಇಲ್ಲದಿದ್ದರೂ, ಎಷ್ಟು ಗಂಟೆಗೆ ಒಡೆಯಿತು ಅಂತ ಬರೆದಿಟ್ಟುಕೊಂಡು ಆಸ್ಪತ್ರೆಗೆ ಹೊರಡಿ. ಆ ಒಂದು ಸಮಯದ ಮೇಲೆ ಮಗುವಿನ ಎಷ್ಟೋ ತೀರ್ಮಾನ ನಿಂತಿರುತ್ತದೆ, ಕೇಳಿದರೆ ಹೆಚ್ಚಿನವರು "ಬೆಳಗ್ಗೆ ಇರಬೇಕು" ಅನ್ನುತ್ತಾರೆ. ನೀರಿಗೆ ವಾಸನೆ ಅಥವಾ ಹಸಿರು ಬಣ್ಣ ಇದ್ದರೆ ಅದನ್ನೂ ಹೇಳಿ.

ಪ್ರಶ್ನೆ: ಡಾಕ್ಟ್ರೇ, ನಾನು ಅಜ್ಜಿ. ಮೊಮ್ಮಗನಿಗೆ 6 ದಿನ. ಹೊಕ್ಕುಳಬಳ್ಳಿ ಇನ್ನೂ ಬಿದ್ದಿಲ್ಲ. ಸೊಸೆ ಏನೂ ಹಚ್ಚಬೇಡಿ ಅನ್ನುತ್ತಾಳೆ. ಏನೂ ಹಚ್ಚದಿದ್ದರೆ ಒಣಗುವುದು ಹೇಗಪ್ಪಾ?

ಉತ್ತರ: ಏನೂ ಹಚ್ಚದಿದ್ದರೇ ಒಣಗುವುದು ಅಜ್ಜಿ! ಸೊಸೆ ಸರಿಯಾಗಿಯೇ ಹೇಳಿದ್ದಾರೆ. ಗಾಳಿಯಾಡಲಿ, ಡೈಪರನ್ನು ಹೊಕ್ಕುಳಿನಿಂದ ಕೆಳಗೆ ಮಡಚಿ, ಉಚ್ಚೆ ತಾಗದಂತೆ ನೋಡಿಕೊಳ್ಳಿ. ಮುಟ್ಟುವ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ. ಒಂದೆರಡು ವಾರದಲ್ಲಿ ತಾನಾಗಿಯೇ ಬೀಳುತ್ತದೆ, ಎಳೆಯಬೇಡಿ. ಬೀಳುವಾಗ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ. ಬುಡದ ಸುತ್ತ ಹೊಟ್ಟೆಯ ಚರ್ಮ ಕೆಂಪಗಾಗಿ ಊದಿಕೊಂಡರೆ, ಕೀವು ಬಂದರೆ, ಕೆಟ್ಟ ವಾಸನೆ ಬಂದರೆ ಅವತ್ತೇ ತೋರಿಸಿ. ಆ ರಕ್ತನಾಳ ಒಳಗಿನ ಲಿವರ್ ಕಡೆಗೇ ಹೋಗುತ್ತದೆ, ಅದಕ್ಕೆ ಅಲ್ಲಿನ ಸೋಂಕನ್ನು ಸಣ್ಣದು ಅಂದುಕೊಳ್ಳುವ ಹಾಗಿಲ್ಲ. ಮನೆಯಲ್ಲೇ ಹೆರಿಗೆಯಾದ ಕಡೆ ಆರೋಗ್ಯ ಕಾರ್ಯಕರ್ತೆಯರು ಕ್ಲೋರ್‌ಹೆಕ್ಸಿಡಿನ್ ಅನ್ನುವ ರೋಗಾಣು ಕೊಲ್ಲುವ ಔಷಧಿ ಹಚ್ಚಲು ಹೇಳುವುದುಂಟು. ಅವರು ಹೇಳಿದರೆ ಮಾತ್ರ, ಅದನ್ನು ಮಾತ್ರ.

ಪ್ರಶ್ನೆ: 12 ದಿನದ ಮಗುವಿನ ಬೆನ್ನಿನಿಂದ ನೀರು ತೆಗೆಯಬೇಕು ಅಂದಾಗ ನಮ್ಮ ಮನೆಯವರು ಸಹಿ ಹಾಕಲಿಲ್ಲ. ಬೆನ್ನಿಗೆ ಚುಚ್ಚಿದರೆ ಕಾಲು ಹೋಗುತ್ತದೆ ಅಂತ ಭಯ. ಕುತ್ತಿಗೆ ಬಿಗಿದಿರಲಿಲ್ಲ, ಮಿದುಳು ಜ್ವರ ಹೇಗಿರುತ್ತದೆ ಅಂತ ಜಗಳ ಮಾಡಿ ಬಂದೆವು. ಮಗು ಔಷಧಿಯಲ್ಲಿ ಗುಣವಾಯಿತು. ನಾವು ಮಾಡಿದ್ದು ಸರಿ ತಾನೇ?

ಉತ್ತರ: ಮಗು ಗುಣವಾಗಿದ್ದು ಸಂತೋಷ. ಸಹಿ ಹಾಕದಿದ್ದದ್ದು ಸರಿಯಲ್ಲ. ಇಷ್ಟು ನೇರವಾಗಿ ಹೇಳುವುದು ಯಾಕೆಂದರೆ ನಿಮ್ಮ ಪತ್ರ ಓದಿ ನಾಳೆ ಇನ್ನೊಬ್ಬರು ಹಾಗೆ ಮಾಡಬಾರದು.

ಹಸುಗೂಸಿಗೆ ಮಿದುಳಿನ ಪೊರೆಗೆ ಸೋಂಕು ತಗುಲಿದರೆ ಸಾಮಾನ್ಯವಾಗಿ ಕುತ್ತಿಗೆ ಬಿಗಿಯುವುದಿಲ್ಲ. ನೆತ್ತಿ ಉಬ್ಬಬಹುದು, ಆದರೆ ಅದು ತಡವಾಗಿ ಬರುವ ಲಕ್ಷಣ, ಎಷ್ಟೋ ಸಲ ಬರುವುದೂ ಇಲ್ಲ. ಬರೀ ಹಾಲು ಬಿಟ್ಟು ಕಿರಿಕಿರಿ ಮಾಡುತ್ತಿರುವ ಮಗುವಿನಲ್ಲೂ ಇರಬಹುದು. ಬೆನ್ನುನೀರು ನೋಡದೆ ಖಚಿತವಾಗಿ ಹೇಳಲು ದಾರಿಯಿಲ್ಲ. ರಕ್ತದ ಕಲ್ಚರ್ ನೆಗೆಟಿವ್ ಇದ್ದು ಬೆನ್ನುನೀರಿನಲ್ಲಿ ಬ್ಯಾಕ್ಟೀರಿಯಾ ಸಿಗುವುದೂ ಉಂಟು.

ಕಾಲಿನ ಭಯದ ಬಗ್ಗೆ: ಸೂಜಿ ಹಾಕುವುದು ಸೊಂಟದ ಮಟ್ಟದಲ್ಲಿ, ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ. ಮಗುವನ್ನು ಒಬ್ಬರು ಮಗ್ಗುಲಲ್ಲಿ ಬಾಗಿಸಿ ಹಿಡಿಯುತ್ತಾರೆ, ಇನ್ನೊಬ್ಬರು ಸೂಜಿ ಹಾಕಿ ಕೆಲವು ಹನಿ ಹಿಡಿದುಕೊಳ್ಳುತ್ತಾರೆ. ಮಗು ಅಳುವುದು ಬಹುಪಾಲು ಹಿಡಿದಿಟ್ಟಿದ್ದಕ್ಕೆ. ಅದರಿಂದ ಸಿಗುವ ಉತ್ತರ ಚಿಕಿತ್ಸೆಯನ್ನೇ ಬದಲಾಯಿಸುತ್ತದೆ. ರಕ್ತದ ಸೋಂಕಿಗೆ ಸಾಮಾನ್ಯವಾಗಿ 7ರಿಂದ 10 ದಿನ ಔಷಧಿ ಕೊಟ್ಟರೆ, ಮಿದುಳಿನ ಪೊರೆಯ ಸೋಂಕಿಗೆ 14ರಿಂದ 21 ದಿನ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಪ್ರಮಾಣವೂ ಬೇರೆ. ಗೊತ್ತಿಲ್ಲದೆ ಅರ್ಧಕ್ಕೆ ನಿಲ್ಲಿಸಿದರೆ ಮಗುವಿನ ಕಿವಿ, ಬುದ್ಧಿ ಬೆಳವಣಿಗೆ ಪಣಕ್ಕೆ ಬೀಳುತ್ತದೆ. ಈಗ ನೀವು ಮಾಡಬೇಕಾದ್ದು ಇಷ್ಟು: ಮಗುವಿನ ಕಿವಿಯ ಪರೀಕ್ಷೆ ಮಾಡಿಸಿ, ತಲೆಯ ಸುತ್ತಳತೆ ಪ್ರತಿ ಭೇಟಿಯಲ್ಲೂ ಅಳೆಸಿ.

ಪ್ರಶ್ನೆ: ನಾನು ಎನ್‌ಐಸಿಯು ನರ್ಸ್. ನಮ್ಮಲ್ಲಿ ಹುಟ್ಟಿದಾಗ ಚೆನ್ನಾಗಿದ್ದು ಐದಾರು ದಿನ ಆದ ಮೇಲೆ ಸೋಂಕಾಗುವ ಮಕ್ಕಳು ಜಾಸ್ತಿ. ಔಷಧಿ ನಾಟುವುದೇ ಇಲ್ಲ. ಇದರಲ್ಲಿ ನಮ್ಮ ಕೈವಾಡ ಎಷ್ಟು ಅಂತ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ.

ಉತ್ತರ: ನೀವು ಮಾತಾಡಿದಿರಲ್ಲ, ಅದಕ್ಕೆ ಧನ್ಯವಾದ. ಹುಟ್ಟಿ ಮೂರು ದಿನ ಕಳೆದ ಮೇಲೆ, ಅದೂ ಆಸ್ಪತ್ರೆಯೊಳಗೇ ಇರುವ ಮಗುವಿಗೆ ಬರುವ ಸೋಂಕು ಬಹುಪಾಲು ನಮ್ಮ ಕೈಯಿಂದ, ನಮ್ಮ ಸಾಮಾನಿನಿಂದ ಬಂದದ್ದು. ತಾಯಿಯಿಂದ ಅಂತ ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಹಾಗಂತ ಇದು ಒಬ್ಬ ನರ್ಸಿನ ತಪ್ಪೂ ಅಲ್ಲ. ಒಬ್ಬರೇ ಎಂಟು ಹತ್ತು ಮಕ್ಕಳನ್ನು ನೋಡಬೇಕಾದ ರಾತ್ರಿಪಾಳಿಯಲ್ಲಿ ಪ್ರತಿ ಮಗುವಿನ ನಡುವೆ ಕೈ ಶುಚಿ ಮಾಡಿಕೊಳ್ಳಿ ಅನ್ನುವುದು ಬೋಧನೆ ಅಷ್ಟೆ. ಜನ ಕೊಡಬೇಕು, ಆಮೇಲೆ ಕೇಳಬೇಕು.

ಎಲ್ಲಿ ಹುಡುಕಬೇಕು ಅಂದರೆ, ಸಿಂಕಿನಿಂದ ಶುರು ಮಾಡಿ. ಸಿಂಕಿನ ತೂತಿನಲ್ಲಿ ಕ್ಲೆಬ್ಸಿಯೆಲ್ಲ, ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿರುತ್ತವೆ, ನಲ್ಲಿ ಬಿಟ್ಟಾಗ ಹನಿ ಚಿಮ್ಮಿ ಪಕ್ಕದ ಔಷಧಿ ಟ್ರೇ ಮೇಲೆ ಬೀಳುತ್ತದೆ. ಸಿಂಕಿನ ಪಕ್ಕ ಡ್ರಿಪ್ ಕಲಸುವುದನ್ನು ನಿಲ್ಲಿಸಿ. ಒಂದೇ ಗ್ಲೂಕೋಸ್ ಬಾಟಲಿಯಿಂದ ನಾಲ್ಕು ಮಕ್ಕಳಿಗೆ ಎಳೆಯುವುದು, ಆ ಬಾಟಲಿಗೆ ಸೂಜಿ ಚುಚ್ಚಿಟ್ಟೇ ಬಿಡುವುದು, ಇವು ನಿಮಗೆ ಗೊತ್ತಿರುವುದೇ. ಸ್ಟೆತೋಸ್ಕೋಪ್ ಮಗುವಿಗೊಂದು ಇರಲಿ. ಕೈಗೆ ಕೊಳೆ ಕಾಣದಿದ್ದರೆ ಆಲ್ಕೋಹಾಲ್ ರಬ್ ಸಾಕು, 20-30 ಸೆಕೆಂಡು, ಹೆಬ್ಬೆರಳು ಮತ್ತು ಉಗುರಿನ ತುದಿ ಮರೆಯದೆ. ಹೊಕ್ಕುಳಿನ ಕ್ಯಾತಿಟರ್, ಉದ್ದದ ಲೈನ್ (ರಕ್ತನಾಳಕ್ಕೆ ಹಾಕಿಟ್ಟ ಕೊಳವೆಗಳು) ಇನ್ನೂ ಬೇಕಾ ಅಂತ ಪ್ರತಿದಿನ ರೌಂಡ್ಸಿನಲ್ಲಿ ಕೇಳುವವರು ನೀವೇ ಆಗಿ. ತಾಯಿಯ ಹಾಲು ಬೇಗ ಶುರುವಾದಷ್ಟೂ ಡ್ರಿಪ್ ಬೇಗ ತೆಗೆಯಬಹುದು.

ಔಷಧಿ ನಾಟದಿರುವುದು ನಿಮ್ಮೊಬ್ಬರ ಘಟಕದ ಕಥೆಯಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಅಪಾಯಕಾರಿ ಬ್ಯಾಕ್ಟೀರಿಯಾಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಕಾರ್ಬಪೆನೆಮ್ ಅನ್ನುವ ಬಲವಾದ ಆ್ಯಂಟಿಬಯೋಟಿಕ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲ. ನಿಮ್ಮ ಘಟಕದಲ್ಲಿ ಕಳೆದ ಆರು ತಿಂಗಳಲ್ಲಿ ಏನು ಬೆಳೆದಿದೆ, ಯಾವ ಔಷಧಿಗೆ ಬಗ್ಗಿದೆ ಅಂತ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿ. ಅದು ಕಣ್ಣಿಗೆ ಬೀಳುತ್ತಿದ್ದರೆ ಡಾಕ್ಟರುಗಳೂ ಅಂದಾಜಿನ ಮೇಲೆ ಔಷಧಿ ಬರೆಯುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ನನ್ನ ಮಗು 33 ವಾರಕ್ಕೇ ಹುಟ್ಟಿತು. ಸೋಂಕಾಗಿ 14 ದಿನ ಆಸ್ಪತ್ರೆಯಲ್ಲಿತ್ತು. ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ಮನೆಯಲ್ಲಿ ಅನ್ನುತ್ತಾರೆ. ಮುಂದಿನ ವಾರ ಮನೆಗೆ ಕಳಿಸುತ್ತಾರಂತೆ. ಏನು ಜಾಗ್ರತೆ ಮಾಡಲಿ?

ಉತ್ತರ: ಹಾಗೆ ಅನ್ನುವವರಿಗೆ ಇದನ್ನು ಓದಿ ಹೇಳಿ. ತಾಯಿಯ ರಕ್ತದಲ್ಲಿರುವ ರಕ್ಷಣೆಯ ಪ್ರೋಟೀನು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಹರಿಯುವುದು ಮುಖ್ಯವಾಗಿ ಕೊನೆಯ ಮೂರು ತಿಂಗಳಲ್ಲಿ. 33 ವಾರಕ್ಕೆ ಹುಟ್ಟಿದ ಮಗುವಿಗೆ ಅದು ಪೂರ್ತಿ ಸಿಗುವ ಮುಂಚೆಯೇ ಸರಬರಾಜು ನಿಂತುಹೋಯಿತು. ಚರ್ಮವೂ ತೆಳು. ನೀವು ಹೇಗೆ ನೋಡಿಕೊಂಡಿರಿ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ನಿಮ್ಮ ಹಾಲಿನಲ್ಲಿ ಆ ಕೊರತೆಯನ್ನು ಸ್ವಲ್ಪ ತುಂಬುವ ಅಂಶಗಳಿವೆ, ಮೊದಲ ದಿನಗಳ ಹಳದಿ ಹಾಲಿನಲ್ಲಿ ಇನ್ನೂ ಜಾಸ್ತಿ. ಅದನ್ನು ಹಿಂಡಿ ಕೊಟ್ಟಿದ್ದೀರಿ ಅಂತ ನಿಮ್ಮ ಪತ್ರದಲ್ಲೇ ಬರೆದಿದ್ದೀರಿ.

ಮನೆಗೆ ಬಂದ ಮೇಲೆ ಮಗುವನ್ನು ಬರಿಮೈಯಲ್ಲಿ ನಿಮ್ಮ ಎದೆಯ ಮೇಲೆ ಹಾಕಿಕೊಳ್ಳಿ, ಎಷ್ಟು ಹೊತ್ತು ಆಗುತ್ತದೋ ಅಷ್ಟು ಹೊತ್ತು. ಅಪ್ಪನೂ ಹಾಕಿಕೊಳ್ಳಬಹುದು. 1 ಕೆಜಿಯಿಂದ 1.8 ಕೆಜಿವರೆಗಿನ ಮಕ್ಕಳ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಾಗ ಮೊದಲ 28 ದಿನದ ಸಾವು 15.7%ರಿಂದ 12%ಗೆ ಇಳಿಯಿತು, ಸೋಂಕಿನ ಅನುಮಾನವೂ ಕಡಿಮೆಯಾಯಿತು. ಇದಕ್ಕೆ ಖರ್ಚಿಲ್ಲ, ಯಂತ್ರ ಬೇಡ.

ನೋಡಲು ಬರುವವರನ್ನು ಕಡಿಮೆ ಮಾಡಿ, ಬಂದವರು ಕೈ ತೊಳೆಯಲಿ. ಕೆಮ್ಮು, ನೆಗಡಿ ಇದ್ದವರು ಗುಣವಾದ ಮೇಲೆ ಬರಲಿ. ತುಟಿಯ ಮೇಲೆ ಜ್ವರದ ಗುಳ್ಳೆ ಎದ್ದವರು ಮಗುವಿಗೆ ಮುತ್ತು ಕೊಡಲೇಬಾರದು. ದೊಡ್ಡವರಿಗೆ ನಾಲ್ಕು ದಿನದ ಕಿರಿಕಿರಿಯಾದ ಹರ್ಪಿಸ್ ವೈರಸ್ ಹಸುಗೂಸಿನ ಮಿದುಳು, ಲಿವರಿಗೆ ನುಗ್ಗಬಹುದು. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ, ಡಾಕ್ಟರು ಬೈಯುತ್ತಾರೆ ಅಂತ ನನ್ನ ಮೇಲೆ ಹಾಕಿ.

ಪ್ರಶ್ನೆ: ಆಸ್ಪತ್ರೆ ನಮಗೆ ಎರಡು ಗಂಟೆ ದಾರಿ. ರಾತ್ರಿ ಮಗುವಿಗೆ ಹೀಗಾದರೆ ದಾರಿಯಲ್ಲಿ ಏನು ಮಾಡಬೇಕು?

ಉತ್ತರ: ಮಗುವನ್ನು ಬೆಚ್ಚಗಿಡಿ, ಸಕ್ಕರೆ ಅಂಶ ಇಳಿಯದಂತೆ ನೋಡಿಕೊಳ್ಳಿ. ಇವೆರಡೇ. ಟೋಪಿ ಹಾಕಿ, ಬರಿಮೈಯಲ್ಲಿ ಎದೆಗಪ್ಪಿ, ಮೇಲೆ ಹೊದಿಕೆ ಹೊದ್ದುಕೊಳ್ಳಿ. ಜ್ವರ ಇದ್ದರೆ ಮಾತ್ರ ಹೊದಿಕೆ ತೆಳುವಾಗಿರಲಿ. ಮುಖ ಮುಚ್ಚಬೇಡಿ, ಬಣ್ಣ ಮತ್ತು ಉಸಿರು ಕಾಣುತ್ತಿರಲಿ. ಎಚ್ಚರ ಇದ್ದು ನುಂಗುತ್ತಿದ್ದರೆ ಹಾಲು ಕೊಡುತ್ತಾ ಹೋಗಿ. ಮೈ ಸಡಿಲಾಗಿದ್ದರೆ, ಫಿಟ್ಸ್ ಬರುತ್ತಿದ್ದರೆ, ಉಸಿರಾಟ ತುಂಬಾ ಜೋರಾಗಿದ್ದರೆ ಬಾಯಿಗೆ ಒಂದು ಹನಿಯೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಹೊರಡುವ ಮುಂಚೆ ಆ ಆಸ್ಪತ್ರೆಗೆ ಫೋನ್ ಮಾಡಿ, ಹಸುಗೂಸು ಬರುತ್ತಿದೆ, ಜಾಗ ಇದೆಯಾ ಕೇಳಿ. ಜಾಗ ಇಲ್ಲದ ಕಡೆ ಹೋಗಿ ಅಲ್ಲಿಂದ ಇನ್ನೊಂದು ಕಡೆ ಅಲೆಯುವುದರಲ್ಲೇ ಎಷ್ಟೋ ಹೊತ್ತು ಕಳೆದುಹೋಗುತ್ತದೆ. ದಾರಿಯಲ್ಲಿ ಆರೋಗ್ಯ ಕೇಂದ್ರ ಸಿಕ್ಕಿದರೆ ಮೊದಲ ಡೋಸ್ ಇಂಜೆಕ್ಷನ್ ಅಲ್ಲೇ ಹಾಕಿಸಿಕೊಂಡು ಮುಂದೆ ಹೋಗಿ, ಹಾಕಿದ್ದನ್ನು ಸಮಯದ ಸಮೇತ ಚೀಟಿಯಲ್ಲಿ ಬರೆಸಿಕೊಳ್ಳಿ. ಏನು ಮಾಡಿದರೂ ದೊಡ್ಡ ಆಸ್ಪತ್ರೆಗೆ ಹೋಗಲು ಆಗುವುದೇ ಇಲ್ಲ ಅನ್ನುವ ಕಡೆಗೂ ದಾರಿ ಇದೆ. ಜೆಂಟಾಮೈಸಿನ್ ಇಂಜೆಕ್ಷನ್ ಮತ್ತು ಬಾಯಿಗೆ ಅಮಾಕ್ಸಿಸಿಲಿನ್ ಕೊಟ್ಟು ಹತ್ತಿರದ ಕೇಂದ್ರದಲ್ಲೇ ನೋಡಿಕೊಳ್ಳುವ ಕ್ರಮವನ್ನು 2015ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿದೆ. ತರಬೇತಿ ಪಡೆದವರು ಕೊಡಬೇಕು, ಎಲ್ಲ ಮಕ್ಕಳಿಗೂ ಅದು ಸಾಲದು. ಫಿಟ್ಸ್ ಬಂದ, ಎಚ್ಚರವೇ ಇಲ್ಲದ, ಏನೂ ಕುಡಿಯಲಾಗದ ಮಗುವನ್ನು ಹೇಗಾದರೂ ಮಾಡಿ ದೊಡ್ಡ ಆಸ್ಪತ್ರೆ ಸೇರಿಸಲೇಬೇಕು.

ತಾಯಿಯ ಹೆರಿಗೆ ಕಾಗದ, ಮಗುವಿನ ಚೀಟಿ, ಹುಟ್ಟಿದಾಗಿನ ತೂಕ, ಕೊನೆಯದಾಗಿ ಹಾಲು ಕುಡಿದದ್ದು ಮತ್ತು ಉಚ್ಚೆ ಮಾಡಿದ್ದು ಎಷ್ಟು ಗಂಟೆಗೆ, ಇಷ್ಟನ್ನು ಒಂದು ಕವರಿಗೆ ಹಾಕಿ ಬಾಗಿಲ ಹತ್ತಿರ ಇಡಿ. ಮತ್ತೆ ತಾಯಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಮಗುವಿಗೆ ಹಾಲು ಬೇಕು, ನಮಗೆ ಉತ್ತರ ಹೇಳುವವರು ಬೇಕು.